ಪಿನ್ನು ಕಿತ್ತ ಕೈ

ದಾವಲಸಾಬ ತನ್ನನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಇಪ್ಪತ್ತು ವರ್ಷವಾದರೂ ಅಂಬಾರಾಯನ ಹೊಟ್ಟೆಯೊಳಗೆ ಇದು ಕುದಿಯುವುದು ನಿಂತಿಲ್ಲ. ದಾವಲಸಾಬ ಮಣ್ಣಿಗೆ ಹೋಗಿ ಎರಡು ವರ್ಷವಾಯಿತು. ಸತ್ತವನ ಮೇಲೆ ಇನ್ನೇಕೆ ಸಿಟ್ಟು ಎಂದು ಹೆಂಡತಿ ಮಲ್ಕಮ್ಮ ಕೇಳಿದರೆ, "ಆತ ಸತ್ತರ ಏನಾತು? ಮಾಡಿದ್ದು ಸತ್ತದೇನು?" ಎಂದು ಅವಳ ಮೇಲೆಯೇ ಹರಿಹಾಯುತ್ತಾನೆ.

ಅಂಬಾರಾಯ ಕರಜಗಿಯವನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಹತ್ತೊಂಬತ್ತಕ್ಕೆ ಮೈಕ್‌ಸೆಟ್ ಇಟ್ಟವನು. ಮದುವೆ, ಭೀಮ ಜಯಂತಿ, ಮೊಹರಂ, ಶಾಲೆಯ ಗ್ಯಾದರಿಂಗ್, ಯಾವುದೇ ಇರಲಿ, ಅಫಜಲಪುರದಿಂದ ಜೇವರ್ಗಿಯ ತನಕ ಇವನ ಹಾರ್ನು ಕೂಗದ ಊರಿರಲಿಲ್ಲ. ಕಿಣ್ಣಿ ಸುಲ್ತಾನದ ದಾವಲಸಾಬ ಕೆಲಸ ಕಲಿಯಲು ಬಂದವನು, ಇವರ ಮನೆಯಲ್ಲೇ ಉಂಡು, ಇವರ ಪಡಸಾಲೆಯಲ್ಲೇ ಮಲಗಿ, ಕೊನೆಗೆ ಅರ್ಧ ಪಾಲಿನವನಾದ. ಅಂಬಾರಾಯನಿಗೆ ವಾಯರು, ಹಾರ್ನು, ಕರೆಂಟು. ದಾವಲಸಾಬನಿಗೆ ದನಿ. ಯಾರು ಚೆನ್ನಾಗಿ ಹಾಡಿದರೂ ಟೇಪು ಮಾಡಿಕೊಳ್ಳುವುದು ಅವನ ಹುಚ್ಚು. ಒಂದೊಂದನ್ನೂ ಎರಡು ಮಾಡುತ್ತಿದ್ದ. ಹಾಡುವಾಗ ಮೊದಲು ತುಂಬಿಕೊಂಡ ಟೇಪು ತನ್ನ ಮನೆಗೆ. ಅದರಿಂದ ಕೆಮ್ಮು, ಮಾತು, ಕೋಳಿ ಕೂಗು ಎಲ್ಲಾ ತೆಗೆದು ಹಾಡಷ್ಟೇ ಇಳಿಸಿದ್ದು ಮೈಕ್‌ಸೆಟ್ಟಿನ ಪೆಟ್ಟಿಗೆಗೆ.

ಅಂಬಾರಾಯ ಸೊನ್ನಕ್ಕೆ ಕೆಲಸಕ್ಕೆ ಹೋಗಿದ್ದ ಒಂದು ದಿನ ದಾವಲಸಾಬ ಇವನ ತಾಯಿ ರಮಾಬಾಯಿಯನ್ನು ಕೂಡಿಸಿಕೊಂಡು ಬೀಸುವ ಹಾಡು ಟೇಪು ಮಾಡಿದ. ಮಾಡಿದ್ದಕ್ಕೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ವಾರ ಕಳೆಯುವುದರೊಳಗೆ ಆಳಂದ ಕಡೆಯ ಒಂದು ಮದುವೆಯಲ್ಲಿ, ಪಂಕ್ತಿಯಲ್ಲಿ ಮುನ್ನೂರು ಜನ ಉಣ್ಣುತ್ತಿರುವಾಗ, ನಾಲ್ಕು ಹಾರ್ನಿನಲ್ಲಿ ಅದನ್ನೇ ಹಾಕಿಬಿಟ್ಟ.

ಜ್ವಾಳ ತೀರಿದ ದಿನ ಕಲ್ಲೂ ಹಸಿದಿತ್ತ
ಕುಡಿದು ಬಂದವ ಹೊಸ್ತಿಲ ಒದ್ದಾನ, ನನ ಕೂಸ
ಸೆರಗಿನ ಒಳಗ ಅಡಗಿತ್ತ

ಮನೆಯೊಳಗೆ ನಡೆದದ್ದು, ಕಲ್ಲಿನ ಮುಂದೆ ಕುಳಿತು ಕಲ್ಲಿಗಷ್ಟೇ ಹೇಳಿಕೊಂಡದ್ದು, ಊರ ಮೇಲೆ ಗುಡುಗಿತು. ಊಟಕ್ಕೆ ಕೂತಿದ್ದ ಕರಜಗಿಯವನೊಬ್ಬ ರಮಾಬಾಯಿಯ ದನಿ ಗುರುತು ಹಿಡಿದು, ಹೋಳಿಗೆ ಮುರಿಯುತ್ತಾ, "ಏ ಅಂಬಾರಾಯಾ, ಸೆರಗಿನಾಗ ಅಡಗಿದ್ದು ನೀನೇನಲೇ?" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಂಬಾರಾಯ ನಾಲ್ಕೇ ಹೆಜ್ಜೆಗೆ ಆಂಪ್ಲಿಫೈಯರಿನ ಹತ್ತಿರ ಬಂದು ದಾವಲಸಾಬನ ಎಡಗೆನ್ನೆಗೆ ಕೈ ಬೀಸಿದ. ಕೆನ್ನೆಗೆಂದು ಎತ್ತಿದ ಕೈ ಕಿವಿಗೆ ಬಿತ್ತು. ದಾವಲಸಾಬ ಬಗ್ಗಿ ತನ್ನ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟುಹೋದ.

ಆ ಸಂಜೆ ರಮಾಬಾಯಿ, "ದಾವಲ ಎಲ್ಲೋ?" ಎಂದು ಕೇಳಿದಳು. "ಆತನ ಹೆಸರು ಈ ಮನ್ಯಾಗ ತೆಗೀಬ್ಯಾಡ" ಎಂದ ಮಗ. ಅವಳು ತೆಗೆಯಲಿಲ್ಲ. ಅಂದಿನಿಂದ ಹಾಡನ್ನೂ ಬಿಟ್ಟಳು. ಎರಡು ವರ್ಷ ಕಳೆದು ತೀರಿಕೊಂಡಳು.

ಮುಂದೆ ಡೀಜೆಗಳು ಬಂದವು. ಅಂಬಾರಾಯನ ಹಾರ್ನು ಅಟ್ಟ ಸೇರಿದವು. ಈಗ ಅವನು ಹೊಲಗಳ ಪಂಪಿನ ಸ್ಟಾರ್ಟರ್ ರಿಪೇರಿ ಮಾಡುತ್ತಾನೆ. ಕ್ಯಾಸೆಟ್ಟುಗಳು ಟ್ರಂಕಿನಲ್ಲಿ ಉಳಿದವು. ಅದರ ತಳದಲ್ಲಿ ರಮಾಬಾಯಿಯದೂ ಇತ್ತು, ಆ ಮದುವೆಯಲ್ಲಿ ಹಾಕಿದ್ದೇ. ತಾಯಿ ಸತ್ತ ಮೇಲೆ ಒಂದು ಸಲವೂ ಅವನು ಅದನ್ನು ಕೇಳಿರಲಿಲ್ಲ. ಮುಟ್ಟಿದರೆ ಸಾಕು, ಪಂಕ್ತಿಯ ಆ ನಗು ಮೊದಲು ಕೇಳುತ್ತಿತ್ತು.

ಮಗಳು ಯಶೋಧರಾ ಅಫಜಲಪುರದಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದಾಳೆ. ಕಳೆದ ಚಳಿಗಾಲದಲ್ಲಿ ಒಂದು ದಿನ ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು.

"ಇದೇನಬೇ, ಸಾಬೂನು?"

"ಕಂಪ್ಯೂಟರ್ ಅಪ್ಪಾ."

"ಟೀವಿ ಎಲ್ಲಿ ಅದ ಇದಕ್ಕ?"

"ಟೀವಿ ಬೇಕಾಗೂದಿಲ್ಲ. ವೈಫೈ ಡಬ್ಬಿ ಬಾಜೂ ಕೂಡಸ್ತೇನಿ. ನಿನ್ನ ಟ್ರಂಕಿನಾಗಿನ ಹಾಡೆಲ್ಲಾ ಇದರ ಹೊಟ್ಟ್ಯಾಗ ಇರ್ತಾವ. ನೀ ಅಂಗಳದಾಗ ಕುಂತ್ರೂ, ಅವ್ವ ಒಲಿ ಮುಂದ ಕುಂತ್ರೂ, ಮೊಬೈಲ್ ತಗದು ಬೇಕಾದ ಹಾಡು ಒತ್ತಿದ್ರ ಆತು."

"ಹೊಟ್ಟಿ ಎಲ್ಲಿ ಅದ?"

ಯಶೋಧರಾ ಡಬ್ಬಿಯ ಬದಿಯಿಂದ ಉಗುರಿನಷ್ಟು ದೊಡ್ಡ ಮೆಮರಿ ಕಾರ್ಡು ತೆಗೆದು ತೋರಿಸಿದಳು. ಅಂಬಾರಾಯ ಅದನ್ನು ನೋಡಿ, ಟ್ರಂಕನ್ನು ನೋಡಿದ. ನಗು ಬರಲಿಲ್ಲ, ಹೆದರಿಕೆ ಬಂತು. ಕೈಜಾರಿ ಬಿದ್ದರೆ ಕಸದ ಜೊತೆ ಗುಡಿಸಿ ಹೋಗುವಂಥದು.

ಆದರೂ ಕೆಲಸದ ಗುಂಗು ಹಿಡಿಯಿತು. ಹಳೆಯ ಕ್ಯಾಸೆಟ್ ಡೆಕ್ಕಿನಲ್ಲಿ ಟೇಪು ತಾಗುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ, ಬೆಲ್ಟು ಬದಲಿಸಿದ, ಸಡಿಲಾದ ಟೇಪನ್ನು ಪೆನ್ಸಿಲ್ ಹಾಕಿ ತಿರುವಿ ಬಿಗಿ ಮಾಡಿದ. ಡೆಕ್ಕಿನಿಂದ ವಾಯರು ನೇರ ಆ ಡಬ್ಬಿಗೆ. ಒಂದು ಕ್ಯಾಸೆಟ್ ಒಂದು ತಾಸು ಓಡಿದರೆ ಒಂದು ತಾಸಿನ ಹಾಡು ಕಾರ್ಡಿಗೆ ಇಳಿಯುತ್ತಿತ್ತು. ಯಾರು ಹಾಡಿದ್ದು, ಯಾವ ಊರು, ಯಾವ ಹಬ್ಬ ಎಂದು ಅವನು ಹೇಳುತ್ತಿದ್ದ, ಮಗಳು ಬರೆಯುತ್ತಿದ್ದಳು. ಎರಡು ತಿಂಗಳಲ್ಲಿ ನೂರಾ ನಲವತ್ತು ಕ್ಯಾಸೆಟ್ ಮುಗಿದವು. ಮಲ್ಕಮ್ಮ ರೊಟ್ಟಿ ಬಡಿಯುತ್ತಾ ತತ್ವಪದ ಕೇಳಿದಳು. ಅಂಬಾರಾಯ ಎಮ್ಮೆಯ ಬಳಿ ಕುಳಿತು ಮೊಹರಂ ಪದ ಕೇಳಿದ. ಎಷ್ಟೋ ವರ್ಷದಿಂದ ಸತ್ತಿದ್ದ ಮೈಕ್‌ಸೆಟ್ಟು ಎದ್ದು ಕುಳಿತಂತಿತ್ತು.

ಯಶೋಧರಾ ಒಂದು ಮಾತು ಮಾತ್ರ ಎರಡೆರಡು ಸಲ ಹೇಳಿದ್ದಳು. "ಅಪ್ಪಾ, ಇದರ ಕರೆಂಟ್ ಪಿನ್ ಬೋರ್ಡಿನಿಂದ ಒಮ್ಮೆಲೆ ಕೀಳಬ್ಯಾಡ. ಮೊದಲ ಮೊಬೈಲ್‌ದಾಗ ಒತ್ತಿ ಇದನ್ನ ಮಲಗಸ್ಬೇಕು. ಕೆಂಪು ದೀಪ ಕರೆಂಟಿಂದು, ಹಸರು ದೀಪ ಕಾರ್ಡಿಂದು. ಹಸರು ಮಿಣಕೂದು ನಿಂತ ಮ್ಯಾಲೆ ಪಿನ್ ತೆಗಿ."

"ಮೂವತ್ತು ವರ್ಷ ಕರೆಂಟಿನ ಕೂಡ ಬಾಳೇ ಮಾಡೀನಿ. ನನಗ ಹೇಳ್ತೀ?"

ಟ್ರಂಕಿನ ತಳ ಬಂತು. ರಮಾಬಾಯಿಯ ಕ್ಯಾಸೆಟ್ ಕೈಗೆ ಬಂದಾಗ ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಹಿಂದೆ ಹೊಳೆ ನೀರು ಓಣಿಗೆ ನುಗ್ಗಿದಾಗ ಟ್ರಂಕಿನ ತಳ ನೆನೆದಿತ್ತು. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಇಂಥದು ಒಂದೇ ಸಲ ಓಡುತ್ತದೆ ಎಂದು ಅವನಿಗೆ ಗೊತ್ತು. ಓಡುತ್ತಲೇ ತನ್ನ ಚರ್ಮ ತಾನೇ ಸುಲಿದುಕೊಳ್ಳುತ್ತದೆ.

ಬಾಗಿಲು ಹಾಕಿಸಿದ. ಫ್ಯಾನು ನಿಲ್ಲಿಸಿದ. ಗುಂಡಿ ಒತ್ತಿ ಡೆಕ್ಕಿನ ಮುಂದೆ ಕುಳಿತ. ಮೊದಲು ಬೀಸುವ ಕಲ್ಲಿನ ಗರಗರ. ಅದರ ಮೇಲೆ ತಾಯಿಯ ದನಿ. ಮಲ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಯಶೋಧರಾಳಿಗೆ ಅಜ್ಜಿಯ ದನಿ ನೆನಪೇ ಇರಲಿಲ್ಲ. ಅವಳು ಬಾಯಿ ತೆರೆದು ಕೇಳಿದಳು. ಅಂಬಾರಾಯನ ಕಣ್ಣು ಮಾತ್ರ ಡೆಕ್ಕಿನ ಮೇಲಿತ್ತು. ಈಗ ಹರಿಯುತ್ತದೆ, ಈಗ ಸಿಕ್ಕಿಬೀಳುತ್ತದೆ ಎಂದು ನಲವತ್ತು ನಿಮಿಷವೂ ಕಾದ. ಹರಿಯಲಿಲ್ಲ. ಆದರೆ ಮುಗಿದ ಮೇಲೆ ನೋಡಿದರೆ ಹೆಡ್ಡಿನ ತುಂಬಾ ಕಂದು ಪುಡಿ. ಮತ್ತೆ ಹಾಕಿ ಕಿವಿಗೊಟ್ಟ. ಬರೀ ಸುಯ್ ಎನ್ನುವ ಸದ್ದು. ತಾಯಿ ಕ್ಯಾಸೆಟ್ಟಿನಿಂದ ಇಳಿದು ಆ ಉಗುರಿನಷ್ಟು ಕಾರ್ಡು ಹೊಕ್ಕಿದ್ದಳು. ಬೇರೆ ಎಲ್ಲೂ ಇರಲಿಲ್ಲ.

"ಅಪ್ಪಾ, ಇದನ್ನ ನನ್ನ ಮೊಬೈಲ್‌ದಾಗ ಒಂದು, ಅಂಗಡಿ ಕಂಪ್ಯೂಟರ್‌ದಾಗ ಒಂದು ಹಾಕ್ತೇನಿ. ಒಂದೇ ಇರಬಾರ್ದು."

"ಬ್ಯಾಡ!" ಅಂಬಾರಾಯ ಎದ್ದೇ ನಿಂತ. "ನಿನ್ನ ಮೊಬೈಲ್‌ಗೆ ಹೋದ್ರ ನಾಳಿ ವಾಟ್ಸಪ್ಪಿಗೆ ಹೋತು. ನಾಡದ ಯಾವನರೆ ಡೀಜೆದಾಗ ಕುಣಿತಾನ. ನಮ್ಮ ಆಯಿ ಒಮ್ಮೆ ನಾಕ್ ಹಾರ್ನಿನಾಗ ಹೋಗಿದ್ದು ಸಾಕು."

"ಯಾರು ಕಳಸ್ತಾರ ಅಪ್ಪಾ, ನಾನೇನು..."

"ಬ್ಯಾಡಂದ್ರ ಬ್ಯಾಡ. ಈ ಮನಿ ಬಿಟ್ಟು ಹೊರಗ ಹೋಗಬಾರ್ದು."

ಯಶೋಧರಾ ಮೊಬೈಲನ್ನು ಬ್ಯಾಗಿಗೆ ಹಾಕಿದಳು. ಅಪ್ಪನ ಸಿಟ್ಟಿಗೆ ಹೆದರಿ ಸುಮ್ಮನಾಗುವುದು ಆ ಮನೆಯಲ್ಲಿ ಎಲ್ಲರಿಗೂ ರೂಢಿ.

ಅದಾಗಿ ನಾಲ್ಕನೆಯ ದಿನ, ಆದಿತ್ಯವಾರ. ಮಧ್ಯಾಹ್ನ ಮೂರರ ಸುಮಾರಿಗೆ ಪಡುವಣದಲ್ಲಿ ಮುಗಿಲು ಕಪ್ಪಾಯಿತು. ಯಶೋಧರಾ ಒಳಗೆ ಕುಳಿತು, ಅಜ್ಜಿಯ ಆ ಉದ್ದನೆಯ ಒಂದೇ ಹಾಡನ್ನು ತುಂಡು ತುಂಡು ಮಾಡಿ ಒಂದೊಂದಕ್ಕೂ ಹೆಸರು ಕೊಡುತ್ತಿದ್ದಳು. ಅಂಬಾರಾಯ ಹೊಸ್ತಿಲಲ್ಲಿ ಸ್ಟಾರ್ಟರ್ ಬಿಚ್ಚಿಕೊಂಡು ಕುಳಿತಿದ್ದ. ಒಮ್ಮೆಲೇ ಬಲ್ಬು ಬೆಳ್ಳಗೆ ಉರಿಯಿತು, ವೋಲ್ಟೇಜು ಏರಿತ್ತು. ಅದರ ಬೆನ್ನಿಗೇ ಗುಡುಗು.

ಮೈಕ್‌ಸೆಟ್ಟಿನವರ ಮೊದಲ ಪಾಠವೇ ಇದು. ಬಲ್ಬು ಬೆಳ್ಳಗಾದರೆ, ಮುಗಿಲು ಗುಡುಗಿದರೆ, ಮಂತ್ರಿ ಭಾಷಣ ಮಾಡುತ್ತಿದ್ದರೂ ಸರಿ, ಪಿನ್ನು ಕಿತ್ತು ಆಮೇಲೆ ಮಾತು. ಮೂವತ್ತು ವರ್ಷದಲ್ಲಿ ಅಂಬಾರಾಯನ ಒಂದು ಆಂಪ್ಲಿಫೈಯರೂ ಸುಟ್ಟಿರಲಿಲ್ಲ. ಆ ಹೆಸರಿನ ಮೇಲೆಯೇ ಅವನು ಹೊಟ್ಟೆ ಹೊರೆದವನು. ಕೈ ಯೋಚಿಸಲಿಲ್ಲ. ಎರಡು ನೆಗೆತಕ್ಕೆ ಒಳಗೆ ಬಂದು ಬೋರ್ಡಿನಿಂದ ಪಿನ್ನು ಕಿತ್ತ.

"ಅಪ್ಪಾ, ತಡೀ!"

ಆ ಕೂಗು ಕಿವಿಗೆ ಬೀಳುವಾಗ ಪಿನ್ನು ಅವನ ಕೈಯಲ್ಲಿತ್ತು. ಹಸಿರು ದೀಪ ಜೋರಾಗಿ ಮಿಣುಕುತ್ತಿದ್ದದ್ದನ್ನು ಅವನು ಕಂಡಿದ್ದ. ಕಂಡೂ ಕಿತ್ತಿದ್ದ.

ಮಳೆ ಬಂದು ಹೋಯಿತು. ಸಂಜೆ ಪಿನ್ನು ಹಾಕಿದರು. ಕೆಂಪು ದೀಪ ಹತ್ತಿತು. ಹಸಿರು ಹತ್ತಲಿಲ್ಲ. ತೆಗೆದು ಮತ್ತೆ ಹಾಕಿದರು. ಕೆಂಪೊಂದೇ. ಕತ್ತಲೆಯಾಗುತ್ತಿದ್ದ ಕೋಣೆಯಲ್ಲಿ ಆ ಕೆಂಪು ಚುಕ್ಕೆ ಇವನನ್ನೇ ನೋಡುತ್ತಿತ್ತು. ತಾಯಿ ಸತ್ತ ದಿನವೂ ಹೀಗೇ ಆಗಿತ್ತು. ಮೂಗಿನ ಮುಂದೆ ಹತ್ತಿ ಹಿಡಿದು, ಅಲುಗುತ್ತದೇನೋ ಎಂದು ಕಾದು ಕುಳಿತಿದ್ದರು.

ಯಶೋಧರಾ ಕಾರ್ಡನ್ನು ಅಂಗಡಿಗೆ ಒಯ್ದು ಅಲ್ಲೇ ಉಳಿದಳು. ಮೂರು ದಿನ ಅವನು ಸ್ಟಾರ್ಟರ್ ರಿಪೇರಿಗೆ ಕೂರಲಿಲ್ಲ. ಫೋನು ಬಂದರೆ ಎತ್ತಲು ಹೆದರಿಕೆ. ನಾಲ್ಕನೆಯ ದಿನ ಅವಳೇ ಬಂದಳು.

"ಅಪ್ಪಾ, ಬಹಳಷ್ಟು ಹಾಡು ಸಿಕ್ಕವ. ಅಜ್ಜೀದು..." ಅವಳು ತಲೆ ತಗ್ಗಿಸಿದಳು. "ಹೆಸರು ಅದ. ಒಳಗ ಏನೂ ಇಲ್ಲ. ಕಾರ್ಡು ಅದನ್ನ ತಿರಗಿ ಬರಕೊಳ್ಳೂ ಹೊತ್ತಿಗೇ ಕರೆಂಟ್ ಹೋತಲ್ಲ."

ಅವನು ಮೊಬೈಲು ಇಸಿದುಕೊಂಡು ನೋಡಿದ. 'ಆಯಿ' ಎಂದು ಬರೆದಿತ್ತು. ಒತ್ತಿದ. ಏನೂ ಕೇಳಲಿಲ್ಲ. ಇನ್ನೊಮ್ಮೆ ಒತ್ತಿದ. ಸಿಟ್ಟು ಬರಬೇಕಿತ್ತು. ಯಾರ ಮೇಲೆ ತೀರಿಸುವುದು? ಬೈಯಲು ಎದುರಿಗೆ ಯಾರೂ ಇರಲಿಲ್ಲ, ಬಲಗೈ ಒಂದನ್ನು ಬಿಟ್ಟು.

ಮಲ್ಕಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. "ನಾ ಒಂದ್ ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ" ಎಂದಳು. "ದಾವಲಣ್ಣ ಎಲ್ಲಾ ಎರಡು ಮಾಡ್ತಿದ್ದ. ಮೊದಲಿಂದು ಅವರ ಮನ್ಯಾಗ ಇರಬೇಕು."

ಆ ಮಾತು ಅವನಿಗೆ ಮೂರು ದಿನದಿಂದ ಗೊತ್ತಿತ್ತು. ಬೇರೆಯವರ ಬಾಯಲ್ಲಿ ಬರಬಾರದೆಂದು ಹೆದರಿ ಕುಳಿತಿದ್ದ.

"ಆತನ ಮಣ್ಣಿಗೂ ಹೋಗಿಲ್ಲ ನಾ. ಈಗ ಯಾವ ಮುಖ ಹೊತ್ಕೊಂಡು ಹೋಗ್ಲಿ?"

"ಇದ್ದ ಮುಖಾನೇ ಹೊತ್ಕೊಂಡು ಹೋಗ್ರಿ. ಬ್ಯಾರೆ ಎಲ್ಲಿ ಅದ?"

ಮರುದಿನ ಅಫಜಲಪುರಕ್ಕೆ ಒಂದು ಬಸ್ಸು, ಆಳಂದಕ್ಕೆ ಒಂದು, ಅಲ್ಲಿಂದ ಕಿಣ್ಣಿ ಸುಲ್ತಾನಕ್ಕೆ ಟಂಟಂ ಆಟೋ. ಹಾದಿಯುದ್ದಕ್ಕೂ ಎರಡು ಹೆದರಿಕೆ ಅವನ ಎರಡು ಮಗ್ಗುಲಿಗೆ ಕುಳಿತಿದ್ದವು. ಕ್ಯಾಸೆಟ್ ಇಲ್ಲ ಅಂದರೆ ಏನು ಗತಿ ಎಂಬುದು ಒಂದು. ಇದೆ, ಕೊಡುವುದಿಲ್ಲ ಅಂದರೆ ಎಂಬುದು ಇನ್ನೊಂದು. ಓಣಿಯಲ್ಲಿ ಮನೆ ಕೇಳಿದಾಗ ಕಟ್ಟೆಯ ಮೇಲಿನ ಮುದುಕನೊಬ್ಬ ಇವನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಮೈಕ್‌ಸೆಟ್ ಅಂಬಾರಾಯ ಅಲ್ಲೇನ್ರಿ?" ಎಂದ. ಅಂಬಾರಾಯ ತಲೆ ತಗ್ಗಿಸಿ, ಅವನು ತೋರಿಸಿದ ಕಡೆ ನಡೆದ.

ದಾವಲಸಾಬನ ಹೆಂಡತಿ ಚಾಂದಬೀ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನೋಡಿದಳು, ಗುರುತು ಹಿಡಿದಳು, ಮತ್ತೆ ಮೊರದ ಕಡೆಗೆ ಬಗ್ಗಿದಳು.

"ಇಪ್ಪತ್ತು ವರ್ಷಕ್ಕ ಹಾದಿ ಸಿಕ್ಕಿತೇನು ಭಾಯಿ?"

"ಹೌದು ಭಾಬಿ."

"ಯಾರ್ ಸತ್ತಾರ ಅಂತ ಬಂದೀ? ಆತ ಹೋಗಿ ಎರಡು ವರ್ಷಾತು. ಖಬರ್ ಮುಟ್ಟಿರಲಿಲ್ಲೇನು?"

"ಮುಟ್ಟಿತ್ತು."

ನಿಂತೇ ಎಲ್ಲಾ ಹೇಳಿದ. ಡಬ್ಬಿ, ಕಾರ್ಡು, ಗುಡುಗು, ಪಿನ್ನು. ಅವಳ ಕೈ ನಿಂತಿತು.

"ನೋಡದ ಕೀಳೂದು, ಕೇಳದ ಹೊಡಿಯೂದು. ನಿನ್ನ ಕೈ ಹಂಗೇ ಅದ" ಎಂದಳು. ದನಿ ಏರಿಸಲಿಲ್ಲ. "ಆತನ ಎಡಗಿವಿ ಆ ದಿನದಿಂದ ಕೇಳಲಿಲ್ಲ. ಗೊತ್ತದೇನು ನಿನಗ?"

ಅಂಬಾರಾಯನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಯಾರರೆ ಕೇಳಿದ್ರ ಹಾರ್ನಿನ ಮುಂದ ಕುಂತು ಕುಂತು ಹಿಂಗಾತು ಅಂತಿದ್ದ. ನಿನ್ನ ಹೆಸರು ಹೇಳಲಿಲ್ಲ. ಒಂದು ಕಿವಿಲೆ ಸೌಂಡ್ ಹಚ್ಚಾಕ ಬರೂದಿಲ್ಲ ಅಂತ ಮೈಕ್ ಕೆಲಸ ಬಿಟ್ಟ. ಇಟ್ಟಂಗಿ ಭಟ್ಟಿ ಕಾಯಾಕ ಹೋದ. ಕಡೀತನಕ ಅದೇ ಕೆಲಸ."

ಎದ್ದು ಒಳಗೆ ಹೋದಳು. ಅಷ್ಟು ಹೊತ್ತು ಅವನು ಅಂಗಳದಲ್ಲಿ ಒಬ್ಬನೇ ನಿಂತಿದ್ದ. ಓಡಿಹೋಗಬೇಕು ಅನ್ನಿಸಿತು. ಅವಳು ಒಂದು ಬಿಸ್ಕೀಟಿನ ಡಬ್ಬಿ ತಂದಳು. ಅದರೊಳಗೆ ಬಟ್ಟೆ ಸುತ್ತಿ, ಮೇಲೆ ಸಕ್ಕರೆ ಚೀಲದ ಪ್ಲಾಸ್ಟಿಕ್ ಸುತ್ತಿ ಇಟ್ಟ ಕ್ಯಾಸೆಟ್ಟು. ಅವನು ಕೈ ಚಾಚಿದ. ಅವಳು ಆ ಬಲಗೈಯನ್ನೇ ನೋಡಿ, ಕೈಗೆ ಕೊಡದೆ ಹೊರಸಿನ ಮೇಲೆ ಇಟ್ಟಳು. ತೆಗೆದುಕೊಳ್ಳಲು ಅವನು ಬಗ್ಗಬೇಕಾಯಿತು.

"ಭಾಬಿ, ನಾ ಏನ್ ಮಾಡ್ಲಿ, ಹೇಳ್ರಿ."

"ರೊಕ್ಕಾ ಗಿಕ್ಕಾ ತೆಗೀಬ್ಯಾಡ. ಅದರಾಗ ಆತನ ದನೀನೂ ಅದ ಅಂತಿದ್ದ. ನನಗ ಇನ್ನಾ ಕೇಳೂ ಧೈರ್ಯ ಬಂದಿಲ್ಲ. ಬಂದಾಗ ಖಬರ್ ಕಳಸ್ತೇನಿ. ಆಗ ತಂದು ಕೇಳಸು. ನೀನೇ ಬರಬೇಕು. ಮಂದಿ ಕೈಲೆ ಕಳಸಬ್ಯಾಡ."

ಆ ರಾತ್ರಿ ಅವನು ಡೆಕ್ಕನ್ನು ಮುಟ್ಟಲಿಲ್ಲ, ಕರೆಂಟಿನ ಭರವಸೆ ಇರಲಿಲ್ಲ. ಬೆಳಿಗ್ಗೆ ಯಶೋಧರಾ ಅಂಗಡಿಯಿಂದ ಬ್ಯಾಟರಿ ತಂದು ಡಬ್ಬಿಯ ಬೆನ್ನಿಗೆ ಕೂಡಿಸಿದಳು. ಹೊಸ ಕಾರ್ಡು ಹಾಕಿದಳು. ಹಾಡು ಇಳಿಯುತ್ತಿರುವಾಗಲೇ ಇನ್ನೆರಡು ಕಡೆ ನಕಲು ಹೋಗುವಂತೆ ಮಾಡಿದಳು. ಈ ಸಲ ಅಪ್ಪನನ್ನು ಕೇಳಲಿಲ್ಲ, ಅವನೂ ಬೇಡ ಅನ್ನಲಿಲ್ಲ. ಅಂಬಾರಾಯ ಗುಂಡಿ ಒತ್ತಿದ. ಒತ್ತಿದ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ.

"ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒಂದು, ಎರಡು..." ದಾವಲಸಾಬ. ಇಪ್ಪತ್ತಾರು ವರ್ಷದ, ಎರಡೂ ಕಿವಿ ಇದ್ದ ದಾವಲಸಾಬ. ಹಿಂದೆ ಕೋಳಿ ಕೂಗಿತು. "ಆಯಿ, ಈಗ ಹಾಡ್ರಿ."

"ತಡೀಯೋ ಎಪ್ಪಾ." ರಮಾಬಾಯಿಯ ದನಿ. "ಆ ದೊಡ್ಡ ಹಾರ್ನಿನಾಗ ಖರೇನೇ ಹಾಕ್ತೀ? ಜನ್ಮಪೂರ್ತಿ ಈ ಕಲ್ಲಿನ ಮುಂದ ಸಣ್ಣ ದನೀಲೆ ಹಾಡೀನಿ, ಗಂಡ ಎದ್ದಾನು ಅಂತ. ಒಮ್ಮೆರೆ ನನ್ನ ದನಿ ದೊಡ್ಡದಾಗಿ ಹೋಗ್ಲಿ. ನಾಕ್ ಊರಿಗೆ ಕೇಳಲಿ."

"ಹಾಕ್ತೇನಿ ಆಯಿ."

"ನನ್ನ ಮಗಗ ನಾ ಹೇಳೀನಿ ಅನಬ್ಯಾಡ. ಸಿಟ್ಟಿನ ನನಮಗ ಅದು. ನನಗ ಅಂಜಿಕಿ."

ದಾವಲಸಾಬ ನಕ್ಕ. "ಅನೂದಿಲ್ಲ. ಬೈಗುಳಾ ಬಂದ್ರ ನನಗಿರ್ಲಿ. ಹಾಡ್ರಿ."

ಆಮೇಲೆ ಕಲ್ಲಿನ ಗರಗರ.

ಮಲ್ಕಮ್ಮ ಎದ್ದು ಹಿತ್ತಿಲಿಗೆ ಹೋದಳು. ಹಾಡು ಮುಗಿಯಿತು, ಹಸಿರು ದೀಪ ಮಿಣುಕುವುದು ನಿಂತಿತು, ನಕಲು ಮೂರೂ ಆದವು. ಯಶೋಧರಾ ಮೆಲ್ಲಗೆ ಕೇಳಿದಳು, "ಅಪ್ಪಾ, ಮೊದಲಿನ ಮಾತು ತೆಗೆದು ಹಾಡಷ್ಟೇ ಇಡ್ಲೇನು?"

"ಒಂದು ಅಕ್ಷರ ತೆಗೆದ್ರ ನೋಡು" ಎಂದ.

ಅವನ ದೂರು ಈಗಲೂ ಹೋಗಿಲ್ಲ. ನನಗೊಂದು ಮಾತು ಹೇಳಬೇಕಿತ್ತು ಎಂದು ಈಗಲೂ ಗೊಣಗುತ್ತಾನೆ. ಆದರೆ ಯಾರಿಗೆ ಹೇಳುತ್ತಾನೆಂದು ಅವನಿಗೇ ಗೊತ್ತಾಗುವುದಿಲ್ಲ, ತಾಯಿಗೋ ದಾವಲನಿಗೋ. ಹೇಳಿದ್ದರೆ ತಾನು ಏನು ಮಾಡುತ್ತಿದ್ದ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಮುಗಿಲು ಗುಡುಗಿದರೆ ಇಂದಿಗೂ ಕೈ ಬೋರ್ಡಿನ ಕಡೆ ನೆಗೆಯುತ್ತದೆ. ಅದನ್ನು ಎಡಗೈಯಿಂದ ಹಿಡಿದು ನಿಲ್ಲಿಸಿಕೊಳ್ಳುತ್ತಾನೆ.

ಚಾಂದಬೀಗೆಂದು ಇನ್ನೊಂದು ಸಣ್ಣ ಕಂಪ್ಯೂಟರು, ಒಂದು ಸ್ಪೀಕರು ಸಿದ್ಧ ಮಾಡಿ, ಟವೆಲಿನಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟಿದ್ದಾನೆ. ವಾರಕ್ಕೊಮ್ಮೆ ಬಿಚ್ಚಿ, ಹಸಿರು ದೀಪ ಹತ್ತುತ್ತದೋ ಇಲ್ಲವೋ ನೋಡಿ, ಮಲಗಿಸಿ, ಆಮೇಲೆ ಪಿನ್ನು ತೆಗೆದು, ಮತ್ತೆ ಸುತ್ತಿಡುತ್ತಾನೆ. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಕೈಯೊರೆಸಿಕೊಂಡು ಎತ್ತುತ್ತಾನೆ. ಖಬರ್ ಬಂದರೆ ಅವಳ ಮುಂದೆ ಕುಳಿತು ಆ ದನಿ ಕೇಳಿಸಬೇಕು. ಬಾರದೇ ಹೋದರೆ ಅದಕ್ಕಿಂತ ಕೆಟ್ಟದ್ದು. ಖಬರ್ ಇನ್ನೂ ಬಂದಿಲ್ಲ. ಬಂದರೂ ಹಾಡು ಕೇಳಿಸಿ ಬರಬಹುದು ಅಷ್ಟೇ. ಕಿವಿ ವಾಪಸು ಕೊಡುವ ಹಾದಿ ಇವನಿಗೆ ಯಾರೂ ಹೇಳಿಲ್ಲ.